ಬೆಟ್ಟ ಮಾಡುವ ಭವ್ಯ

ಭವ್ಯ ನೆಲವನ್ನು ನಂಬುತ್ತಿರಲಿಲ್ಲ. ಅಲಂಕಾರಕ್ಕಾಗಿ ಹೇಳುವ ಮಾತಲ್ಲ ಇದು. ಅವಳು ಬೀದಿಯಲ್ಲಿ ನಡೆದುಹೋಗುವುದನ್ನು ಒಮ್ಮೆ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ನಾವೆಲ್ಲ ನಡೆಯುವಾಗ ನೆಲವೆಂಬುದು ಇದ್ದಲ್ಲೇ ಇರುತ್ತದೆಂಬ ಭರವಸೆಯಲ್ಲಿ ಮೈಭಾರವನ್ನು ಮುಂಗಾಲಿಗೆ ಒಪ್ಪಿಸಿಬಿಡುತ್ತೇವೆ. ಅವಳಾದರೋ ಮೊದಲು ಪಾದದ ತುದಿಯನ್ನಷ್ಟೇ ಊರಿ, ಅರೆಕ್ಷಣ ತಡೆದು, ಅನುಮತಿ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಹಿಮ್ಮಡಿಯನ್ನು ಇಳಿಸುವಳು. ಮಾತಿನಲ್ಲಿ ತೊದಲುವವರಿದ್ದಾರೆ, ಭವ್ಯ ನಡಿಗೆಯಲ್ಲಿ ತೊದಲುತ್ತಿದ್ದಳು. ಬಾಣಸವಾಡಿಯ ನಮ್ಮ ಬೀದಿಯ ಚರಂಡಿಗಳಿಗೆ ಹೊದಿಸಿದ ಕಲ್ಲುಚಪ್ಪಡಿಗಳ ಮೇಲಂತೂ ಅವಳು ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಹಾರ್ನ್ ಬಾರಿಸುತ್ತ ಮೈಮೇಲೆಯೇ ಬರುವ ಆಟೋ, ಟೆಂಪೋಗಳ ನಡುವೆ ರಸ್ತೆಯ ಮೇಲೆಯೇ ನಡೆಯುವಳು. ಯಾಕಮ್ಮ ಎಂದು ಒಮ್ಮೆ ಕೇಳಿದ್ದಕ್ಕೆ, "ಗಾಡಿಯವ್ರಿಗೆ ಕಣ್ಣಾದ್ರೂ ಇರತ್ತೆ ಅಂಕಲ್, ಚಪ್ಪಡಿಗೆ ಏನಿರತ್ತೆ?" ಎಂದಿದ್ದಳು.

ಅವಳ ಮನೆಯ ಮೇಲುಮಹಡಿಯಲ್ಲಿ ನಾವು ಬಹಳ ವರ್ಷಗಳಿಂದ ಬಾಡಿಗೆಗಿದ್ದೇವೆ. ಅವಳ ತಂದೆ ಮುನಿನಾರಾಯಣಪ್ಪನವರ ಹಿರಿಯರು ಈ ಜಾಗದಲ್ಲೇ ದಂಟು, ಮೆಂತ್ಯ, ಹುರುಳಿಕಾಯಿ ಬೆಳೆದು ಶಿವಾಜಿನಗರದ ಮಾರುಕಟ್ಟೆಗೆ ಗಾಡಿಯಲ್ಲಿ ಸಾಗಿಸುತ್ತಿದ್ದವರು. ತೋಟ ಹೋಗಿ ಸೈಟಾಯಿತು, ಸೈಟು ಹೋಗಿ ಮನೆಯಾಯಿತು, ಮನೆಯ ಮೇಲೆ ಮನೆಗಳಾದವು. ತೋಟದ ಬಾವಿಯೊಂದು ಉಳಿದಿತ್ತು. ಅದನ್ನೂ ಒಡೆದ ಇಟ್ಟಿಗೆ, ಗಾರೆಚೂರು, ಕಟ್ಟಡದ ಕಸದಿಂದ ತುಂಬಿ, ಮೇಲೆ ಮಣ್ಣು ಹರಡಿ, ನಯವಾಗಿ ಸಿಮೆಂಟು ಬಳಿದು ಅಂಗಳ ಮಾಡಿದರು. ಆಗ ಭವ್ಯ ಇನ್ನೂ ಚಿಕ್ಕವಳು. ಒಂದು ಮಳೆಗಾಲದ ಬೆಳಗ್ಗೆ ಮೆಟ್ಟಿಲ ಮೇಲೆ ಕೂತು ಷೂ ಕಟ್ಟಿಕೊಳ್ಳುತ್ತಿದ್ದಾಗ, ಕಣ್ಣೆದುರಿಗೇ ಆ ಅಂಗಳದ ನಡುಭಾಗ ಹೂಕುಂಡಗಳ ಸಮೇತ, ಅವಳ ಪುಟ್ಟ ಸೈಕಲ್ಲಿನ ಸಮೇತ, ದೊಡ್ಡ ಸದ್ದೂ ಇಲ್ಲದೆ ಕೆಳಕ್ಕಿಳಿದು ಹೋಯಿತಂತೆ. ಯಾರಿಗೂ ಏನೂ ಆಗಲಿಲ್ಲವೆಂದು ಮನೆಯವರು ದೇವರಿಗೆ ಕೈಮುಗಿದು, ಮತ್ತೆ ತುಂಬಿಸಿ, ಮತ್ತೆ ಬಳಿದು, ಮರೆತರು. ಅವಳು ಮರೆಯಲಿಲ್ಲ.

"ಅಕಸ್ಮಾತ್" ಎಂಬುದು ಅವಳ ಬಾಯಿಯ ಮೊದಲ ಪದ. ಅದಿಲ್ಲದೆ ಅವಳ ವಾಕ್ಯಗಳು ಹೊರಡುತ್ತಲೇ ಇರಲಿಲ್ಲ. ಅಕಸ್ಮಾತ್ ಮಳೆ ಬಂದರೆ ಎಂದು ಮಾರ್ಚಿನ ಉರಿಬಿಸಿಲಿನಲ್ಲೂ ಕಡುನೀಲಿ ಬಣ್ಣದ, ಮೊಣಕಾಲು ದಾಟುವ ರೇನ್‌ಕೋಟೊಂದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವಳು. ತಂಗಿ ದಿವ್ಯಳ ಮದುವೆ ಕೆ.ಆರ್. ಪುರದ ಕಲ್ಯಾಣಮಂಟಪದಲ್ಲಿ ನಡೆದಾಗ, ಅಕಸ್ಮಾತ್ ಪುರೋಹಿತರು ಬರದೇ ಹೋದರೆ ಎಂದು ಯಾರಿಗೂ ತಿಳಿಯದ ಹಾಗೆ ಮರ್ಫಿ ಟೌನಿನ ಕಡೆಯ ಇನ್ನೊಬ್ಬ ಪುರೋಹಿತರಿಗೂ ಹೇಳಿಟ್ಟಿದ್ದಳು. ಮುಹೂರ್ತದ ಹೊತ್ತಿಗೆ ಇಬ್ಬರೂ ಪ್ರತ್ಯಕ್ಷರಾದರು. ಒಬ್ಬರನ್ನೊಬ್ಬರು ಕೆಂಗಣ್ಣಿನಿಂದ ನೋಡುತ್ತ, ಯಾರು ಗಟ್ಟಿಯಾಗಿ ಹೇಳುತ್ತಾರೆಂಬ ಹಟಕ್ಕೆ ಬಿದ್ದು ಅವರು ಮಂತ್ರ ಹೇಳಿದ ರಭಸಕ್ಕೆ ವಾಲಗದವರೇ ವಾದ್ಯ ಕೆಳಗಿಟ್ಟು ಕೇಳುತ್ತ ಕೂತರು. ಬೀಗರ ಕಡೆಯವರು ಇದೇನೋ ಹಳೇ ಒಕ್ಕಲು ಮನೆತನದ ವಿಶೇಷ ಪದ್ಧತಿಯೆಂದುಕೊಂಡು ಭಕ್ತಿಯಿಂದ ಕೈಮುಗಿದದ್ದು ಆ ದಿನದ ಪುಣ್ಯ.

ಇಂಥವಳು ಆರಿಸಿಕೊಂಡ ಕಸುಬು ನೆಲವನ್ನು ಮಾಡುವುದು. ಇಂದಿರಾನಗರದಲ್ಲಿ, ನೂರಡಿ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಯಾರದೋ ಹಳೆಯ ಬಂಗಲೆಯನ್ನು ಆಫೀಸು ಮಾಡಿಕೊಂಡಿದ್ದ ಸ್ಟುಡಿಯೋದಲ್ಲಿ ಅವಳ ಕೆಲಸ. ತೆರೆಯ ಮೇಲೆ ಮೊದಲು ಬೂದುಬಣ್ಣದ ಚಪ್ಪಟೆ ಹಾಸೊಂದು ಹರಡಿರುತ್ತದೆ. ಕೈಯಲ್ಲಿ ಪೆನ್ನಿನಂಥ ಕಡ್ಡಿ ಹಿಡಿದು ಮೇಜಿನ ಮೇಲಿನ ಕರಿಯ ಹಲಗೆಯನ್ನು ಒತ್ತಿದರೆ ತೆರೆಯ ಮೇಲೆ ನೆಲ ಉಬ್ಬುತ್ತದೆ. ಒಂದು ಕೀಲಿಯನ್ನು ಅದುಮಿ ಹಿಡಿದು ಒತ್ತಿದರೆ ಕುಸಿಯುತ್ತದೆ. ಒರಟನ್ನು ನಯಗೊಳಿಸುವ ಬ್ರಷ್ಷು ಬೇರೆ. ಸಾವಿರಾರು ವರ್ಷಗಳ ಮಳೆಯನ್ನು ಗಳಿಗೆಯಲ್ಲಿ ಸುರಿಸಿ, ಇಳಿಜಾರಿನಲ್ಲಿ ಕೊರಕಲುಗಳನ್ನು ಕೊರೆಯುವ ಬ್ರಷ್ಷು ಬೇರೆ. ವಿಡಿಯೋ ಗೇಮುಗಳಿಗೆ ಬೇಕಾದ ದ್ವೀಪಗಳು, ರಣರಂಗಗಳು, ರಾಕ್ಷಸರು ಅಡಗುವ ಕಣಿವೆಗಳು ಹೀಗೆ ಅವಳ ಕೈಯಡಿಯಲ್ಲಿ ಎದ್ದು ನಿಲ್ಲುತ್ತಿದ್ದವು. ಅವಳು ಎಬ್ಬಿಸಿದ ಬೆಟ್ಟಗಳಿಗೆ ಬಂಡೆ, ಮರ, ಹುಲ್ಲು ಕೂರಿಸುವ ಕೆಲಸ ಶಿವಾಜಿನಗರದ ಶಾಹಬಾಜನದು. "ಬೇರೆಯವ್ರು ಮಾಡೋ ಬೆಟ್ಟದ್ಮೇಲೆ ಮರ ಇಟ್ರೆ ಗೋಡೆಗೆ ಅಂಟಿಸ್ದಂಗಿರತ್ತೆ. ಇವಳ ಬೆಟ್ಟಕ್ಕೆ ಅದ್ರದೇ ಬೇರಿರತ್ತೆ ಗುರು," ಎಂದು ಅವನು ಆಫೀಸಿಗೆಲ್ಲ ಹೇಳುತ್ತಿದ್ದ.

ಮಗಳ ಉದ್ಯೋಗವೇನೆಂದು ಬೀದಿಯವರು ಕೇಳಿದರೆ ತಾಯಿ ಆಂಜನಮ್ಮ, "ಕಂಪ್ಯೂಟರ್ನಾಗೆ ಬೆಟ್ಟ ಮಾಡ್ತಾಳೆ" ಎನ್ನುವರು. ಕೇಳಿದವರು ನಕ್ಕರೆ ಅವರಿಗೆ ಸಿಟ್ಟು ಬರುತ್ತಿತ್ತು. "ಯಾಕೆ, ಬೆಟ್ಟ ಕಡ್ದು ಕಲ್ಲು ಮಾರೋರ್ನ ಸಾವ್ಕಾರ್ರು ಅಂತೀರಾ, ಮಾಡೋರ್ನ ಕಂಡ್ರೆ ನಗ್ತೀರಾ?"

ನನಗೆ ಅರ್ಥವಾದ ಮಟ್ಟಿಗೆ, ತೆರೆಯ ಮೇಲಿನ ನೆಲವೊಂದೇ ಭವ್ಯಳಿಗೆ ಅಂಜಿಕೆ ಹುಟ್ಟಿಸದ ನೆಲವಾಗಿತ್ತು. ಅಲ್ಲಿ ಕುಸಿದದ್ದನ್ನು ಒಂದು ಕೀಲಿ ಒತ್ತಿ ಮೇಲೆತ್ತಬಹುದು. ತಪ್ಪಿದ ಹೆಜ್ಜೆಯನ್ನು ಹಿಂದಕ್ಕೆ ಕರೆಯಬಹುದು. ಕೆಲಸಕ್ಕೆ ಕೂತಾಗ ಅವಳ ಹೆಗಲು ಸಡಿಲವಾಗುತ್ತಿತ್ತಂತೆ, ಒಮ್ಮೊಮ್ಮೆ ಮೆಲ್ಲಗೆ ಗುನುಗುತ್ತಲೂ ಇದ್ದಳಂತೆ. ಮನೆಯಲ್ಲಿ ನಾವ್ಯಾರೂ ಅವಳ ಗುನುಗನ್ನು ಕೇಳಿದವರಲ್ಲ.

ಹೀಗಿರುವಾಗ ಸ್ಟುಡಿಯೋಕ್ಕೆ ಹೊಸ ಬಗೆಯ ಕೆಲಸವೊಂದು ಬಂತು. ಹಳೆ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರ ದಾಟಿದ ಮೇಲೆ ಹೆಲಿಕಾಪ್ಟರ್ ಹಾರಿಸುವವರಿಗೆ ತರಬೇತಿ ಕೊಡುವ ಖಾಸಗಿ ಶಾಲೆಯೊಂದಿತ್ತು. ಉತ್ತರದ ಹಿಮಬೆಟ್ಟಗಳ ನಡುವಿನ ಒಂದು ಯಾತ್ರಾಸ್ಥಳಕ್ಕೆ ಭಕ್ತರನ್ನು ಹೊತ್ತೊಯ್ಯುವ ಪೈಲಟ್‌ಗಳು, ಅಲ್ಲಿಗೆ ಹೋಗುವ ಮುಂಚೆ ಇಲ್ಲಿಯೇ ಕೋಣೆಯೊಳಗೆ ಕೂತು, ಸುತ್ತ ಹಬ್ಬಿದ ತೆರೆಯ ಮೇಲೆ ಆ ಕಣಿವೆಯನ್ನು ಕಂಡು, ಹಾರಾಟ ಅಭ್ಯಾಸ ಮಾಡಬೇಕು. ಅದಕ್ಕೆ ಆ ಕಣಿವೆ ಇದ್ದ ಹಾಗೆಯೇ ಬೇಕು. ಸ್ಟುಡಿಯೋದ ಯಜಮಾನ ಸುದರ್ಶನ್ ಉತ್ಸಾಹದ ಮನುಷ್ಯ, ಕೆಟ್ಟವನಲ್ಲ, ಆದರೆ ಗಡುವು ಎಂಬ ಪದ ಕಿವಿಗೆ ಬಿದ್ದರೆ ಉಳಿದ ಪದಗಳು ಅವನಿಗೆ ಕೇಳಿಸುತ್ತಿರಲಿಲ್ಲ. ಅವನು ಉಪಗ್ರಹದಿಂದ ಅಳೆದ ಎತ್ತರ ತಗ್ಗುಗಳ ಮಾಹಿತಿಯನ್ನು ತರಿಸಿಕೊಟ್ಟ. ಅದನ್ನು ತೆರೆಯ ಮೇಲೆ ಹಾಸಿದ ಕೂಡಲೇ ಬೂದು ಹಾಳೆಯಿಂದ ಶಿಖರಗಳು ತಾವಾಗಿಯೇ ಎದ್ದವು. ಆದರೆ ಅಲ್ಲಲ್ಲಿ ತೂತುಗಳಿದ್ದವು. ಕಡಿದಾದ ಬೆಟ್ಟಗಳ ಮರೆಗೆ ಮೇಲಿನ ಕಣ್ಣು ತಲುಪುವುದಿಲ್ಲ; ತಲುಪದ ಕಡೆ ನೆಲದ ಜಾಗದಲ್ಲಿ ಕಪ್ಪು ಶೂನ್ಯ ಉಳಿಯುತ್ತದೆ. ಅಂಥ ಒಂದು ದೊಡ್ಡ ತೂತು, ದೇವಸ್ಥಾನದ ಎಡಕ್ಕೆ, ಎರಡು ಶಿಖರಗಳ ನಡುವೆಯೇ ಬಿದ್ದಿತ್ತು.

"ಇಲ್ಲಿ ಏನಿದೆ ಅಂತ ಗೊತ್ತಿಲ್ವಲ್ಲ ಸುದರ್ಶನ್," ಎಂದಳು ಭವ್ಯ.

"ಅಕ್ಕಪಕ್ಕ ನೋಡ್ಕೊಂಡು ಫಿಲ್ ಮಾಡ್ಬಿಡು. ನಿನ್ನಷ್ಟು ಚೆನ್ನಾಗಿ ಯಾರು ಮಾಡ್ತಾರೆ?"

ಅವಳು ತುಂಬಿದಳು. ಎರಡು ಶಿಖರಗಳ ಇಳಿಜಾರುಗಳನ್ನು ಎರಡು ಕಡೆಯಿಂದ ಎಳೆದು ತಂದು, ನಡುವೆ ಕುದುರೆಯ ಜೀನಿನಂತೆ ಮೃದುವಾಗಿ ಬಾಗಿದ ಒಂದು ಸಂದನ್ನು ಮಾಡಿ, ಅದರ ಮೇಲೆ ಮಳೆ ಸುರಿಸಿ ಕೊರಕಲು ಮೂಡಿಸಿ, ನಯಗೊಳಿಸಿದಳು. ಅವಳು ಅಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಅತ್ಯಂತ ಸುಂದರವಾದ ನೆಲ ಅದೆಂದು ಶಾಹಬಾಜ ಹೇಳಿದ. ಬಂಡೆಗಳನ್ನು ಕೂರಿಸುವಾಗ ಆ ಜಾಗಕ್ಕೆ ಬೇರೆಯೇ ಮುತುವರ್ಜಿ ವಹಿಸಿದ. ಜೀವನದಲ್ಲಿ ಎಲ್ಲದಕ್ಕೂ ಹೆದರಿದ ಭವ್ಯ, ಹೆದರಬೇಕಾಗಿದ್ದ ಆ ಒಂದು ಗಳಿಗೆಯಲ್ಲಿ ಮಾತ್ರ, ತನ್ನ ಕೈಚಳಕದ ಸುಖದಲ್ಲಿ, ಹೆದರುವುದನ್ನು ಮರೆತುಬಿಟ್ಟಿದ್ದಳು.

ಕೆಲಸ ಒಪ್ಪಿಸಿ ಕೆಲವು ವಾರಗಳಾದ ಮೇಲೆ ಶಾಲೆಯ ಮುಖ್ಯ ಶಿಕ್ಷಕರಾದ ವೆಂಕಟಾಚಲ ಅವರು ಸ್ಟುಡಿಯೋದವರನ್ನೆಲ್ಲ ನೋಡಿಹೋಗಲು ಕರೆದರು. ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾದವರು. ಬಿಳಿಯ ಮೀಸೆ, ಅವಸರವಿಲ್ಲದ ಮಾತು. ಕತ್ತಲ ಕೋಣೆಯ ನಡುವೆ ಹೆಲಿಕಾಪ್ಟರಿನ ಮುಂಭಾಗವನ್ನಷ್ಟೇ ಕತ್ತರಿಸಿಟ್ಟಂಥ ಒಂದು ಗೂಡು, ಅದರೊಳಗೆ ಲಿಖಿತ್ ಎಂಬ ಎಳೆಯ ಪೈಲಟ್, ಸುತ್ತ ಭವ್ಯಳ ಬೆಟ್ಟಗಳು. ತಾನು ಅಂಗೈಯಗಲದ ಹಲಗೆಯ ಮೇಲೆ ಒತ್ತಿ ಎಬ್ಬಿಸಿದ ಶಿಖರಗಳು ಗೋಡೆಯೆತ್ತರಕ್ಕೆ ನಿಂತದ್ದನ್ನು ನೋಡಿ ಅವಳಿಗೆ ರೋಮಾಂಚನವಾಯಿತಂತೆ. ವೆಂಕಟಾಚಲ ಅವರು ಗುಂಡಿಯೊಂದನ್ನು ತಿರುಗಿಸಿದರು. ಕಣಿವೆಗೆ ಮೋಡ ಇಳಿಯತೊಡಗಿತು. ಮುಂದೆ ಬೆಳ್ಳಗಾಯಿತು, ಕೆಳಗೆ ನದಿ ಮಾಯವಾಯಿತು. ಲಿಖಿತ್ ಕ್ಷಣಹೊತ್ತು ತಡವರಿಸಿ, ಥಟ್ಟನೆ ಎಡಕ್ಕೆ ಹೊರಳಿ, ಎರಡು ಶಿಖರಗಳ ನಡುವಿನ ಆ ಮೃದುವಾದ ಸಂದಿನಲ್ಲಿ ತೂರಿ, ಆಚೆಯ ಬೆಳಕಿಗೆ ಹೊರಬಿದ್ದ.

ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. "ಮೋಡ ಮುಚ್ಚಿದ್ರೆ ಮೊದಲು ನೋಡ್ಬೇಕಾದ್ದು ಹೊರಗೆ ಹೋಗೋ ದಾರಿ," ಎಂದು ವೆಂಕಟಾಚಲ ಅವರು ಉಳಿದ ಹುಡುಗರ ಕಡೆ ತಿರುಗಿ ಹೇಳಿದರು. "ಇವನು ನೋಡಿಟ್ಕೊಂಡಿದ್ದ. ನೀವೂ ನೋಡಿಟ್ಕೊಳ್ಳಿ."

ಸುದರ್ಶನ್ ಹೆಮ್ಮೆಯಿಂದ ಭವ್ಯಳ ಕಡೆ ನೋಡಿದ. ಅವಳು ಅಲ್ಲಿರಲಿಲ್ಲ. ಹೊರಗಿನ ನಲ್ಲಿಯ ಕೆಳಗೆ ಕೈಯೊಡ್ಡಿ, ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತ ನಿಂತಿದ್ದಳು. ಅದು ದಾರಿಯಲ್ಲ, ತಾನು ಮಾಡಿದ್ದು ಎಂಬ ಮಾತನ್ನು ಅಲ್ಲೇ ಹೇಳಬೇಕಿತ್ತು. ಅಷ್ಟು ಜನರ ನಗುಮುಖಗಳ ಮುಂದೆ ಅದು ಹೊರಗೆ ಬರಲಿಲ್ಲ.

ಅವತ್ತಿನಿಂದ ಅವಳು ಬಾಡಿದಳು. ತಟ್ಟೆಯ ಮುಂದೆ ಕೂತರೆ ಮುದ್ದೆ ಆರಿ ಗಟ್ಟಿಯಾಗುವವರೆಗೆ ಬೆರಳಾಡಿಸುತ್ತಿದ್ದಳು. ಮೆಟ್ರೋದಲ್ಲಿ ಇಳಿಯಬೇಕಾದ ಇಂದಿರಾನಗರವನ್ನು ಬಿಟ್ಟು ಹಲಸೂರಿಗೆ ಹೋಗಿಬಿಟ್ಟು ಹಿಂದಿರುಗುತ್ತಿದ್ದಳು. ಆಂಜನಮ್ಮ ಯಾರದೋ ಕಣ್ಣು ಬಿದ್ದಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ನಮ್ಮ ಮಹಡಿಯವರೆಗೂ ಬಂತು. ಏನಾಯಿತೆಂದು ನಾನು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದಾಗ ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಅಕಸ್ಮಾತ್ ಅಲ್ಲಿ ನಿಜವಾಗ್ಲೂ ಸಂದು ಇರಬಹುದು ಅಲ್ವಾ ಅಂಕಲ್? ನಾನು ಸುಮ್ನೆ ಮಾಡಿದ್ದು ಅಕಸ್ಮಾತ್ ಸರೀನೇ ಇರಬಹುದಲ್ವಾ?" ಆ ಪದ ಅವಳ ಬಾಯಲ್ಲಿ ಆಸೆಯ ರೂಪ ತಾಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸುದರ್ಶನನಿಗೆ ಹೇಳಿದ್ದಳು. ಅವನು ನಕ್ಕಿದ್ದ. ಅದು ಅಭ್ಯಾಸದ ಸಿಮ್ಯುಲೇಟರ್ ಅಷ್ಟೇ ತಾನೆ, ನಿಜವಾದ ಹಾರಾಟಕ್ಕೆ ನಕ್ಷೆ ಬೇರೆ ಇರುತ್ತದೆ, ಇದನ್ನು ನಂಬಿ ಹಾರಬಾರದೆಂದು ನಾವೇ ಕರಾರಿನಲ್ಲಿ ಬರೆದಿದ್ದೇವೆ ಎಂದಿದ್ದ. ಅವಳು ಯಾತ್ರಿಕರು ಹಾಕಿದ ಫೋಟೋಗಳನ್ನೆಲ್ಲ ಜಾಲಾಡಿದಳು. ಎಲ್ಲರೂ ದೇವಸ್ಥಾನದ ಬಾಗಿಲನ್ನೂ ತಮ್ಮ ಮುಖವನ್ನೂ ತೆಗೆದವರೇ. ಎಡಗಡೆಯ ಬೆಟ್ಟವನ್ನು ತೆಗೆದವರಿಲ್ಲ, ತೆಗೆದವರ ಚಿತ್ರದಲ್ಲಿ ಬರೀ ಮೋಡ.

ಭಾನುವಾರ ಬೆಳಗ್ಗೆ ನೀರಿನ ಮೋಟಾರಿನ ವಿಚಾರ ಕೇಳಲು ನಾನು ಕೆಳಗಿಳಿದಾಗ ಮನೆಯವರೆಲ್ಲ ಕಾಫಿ ಕುಡಿಯುತ್ತಿದ್ದರು. ಮಾತಿಗೆ ಮಾತು ಬಂದು ಆಂಜನಮ್ಮ, ಮಗಳ ಮನಸ್ಸಿನ ಭಾರ ಇಳಿದರೆ ಹೋದ ವರ್ಷ ಭಜನೆ ಮಂಡಳಿಯವರ ಜೊತೆ ಹೋಗಿಬಂದಿದ್ದ ಆ ದೇವರಿಗೇ ಇನ್ನೊಮ್ಮೆ ಹರಕೆ ಹೊರುತ್ತೇನೆಂದರು. ಯಾವ ದೇವರೆಂದು ಹೆಸರು ಹೇಳಿದ್ದೇ ತಡ, ಭವ್ಯ ಲೋಟ ಕೆಳಗಿಟ್ಟಳು. ತನ್ನ ಕಣಿವೆಯ ದೇವರೇ ಅದು; ಹಲವು ಕ್ಷೇತ್ರ ಸುತ್ತಿದ ಆ ಯಾತ್ರೆಯಲ್ಲಿ ಅದೂ ಇತ್ತೆಂದು ಅವಳು ಗಮನಿಸಿರಲಿಲ್ಲ.

"ಅಮ್ಮಾ, ಅಲ್ಲಿ ಏನಾದ್ರೂ ವಿಡಿಯೋ ಮಾಡಿದ್ಯಾ?"

"ಮಾಡ್ದಂಗಿತ್ತು ಕಣೇ. ಟೀ ಅಂಗ್ಡಿ ಹತ್ರ. ಎಲ್ಲಾರೂ ಚಳಿಗೆ ನಡುಗ್ತಾ ಇದ್ವಿ."

ಫೋನಿನಲ್ಲಿ ಹುಡುಕಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಸಿಕ್ಕಿತು: ಉಲ್ಲನ್ ಟೋಪಿ ತೊಟ್ಟು, ಗಾಜಿನ ಲೋಟ ಹಿಡಿದು ನಿಂತ ನಮ್ಮ ಬೀದಿಯ ಹೆಂಗಸರು, "ನಗ್ರೀ, ಎಲ್ಲಾ ನಗ್ರೀ" ಎಂಬ ಆಂಜನಮ್ಮನವರ ದನಿ, ಅಲುಗಾಡುವ ಚಿತ್ರ. ಅವರ ಹಿಂದೆ ಬಿಳಿಯ ಮೋಡ. ಭವ್ಯ ಅದನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಗಾಳಿ ಬೀಸಿರಬೇಕು. ಮೋಡ ಹರಿದು, ಒಂದೆರಡು ಉಸಿರಿನಷ್ಟು ಹೊತ್ತು, ಹಿಂದಿನ ಬೆಟ್ಟ ಕಂಡು ಮತ್ತೆ ಮುಚ್ಚಿಹೋಯಿತು. ಅವಳು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಲ್ಯಾಪ್‌ಟಾಪು ತಂದು, ತಾನು ಮಾಡಿದ ಕಣಿವೆಯಲ್ಲಿ ಅದೇ ಟೀ ಅಂಗಡಿಯಿರಬೇಕಾದ ಜಾಗಕ್ಕೆ ಕಣ್ಣನ್ನು ತಂದು ನಿಲ್ಲಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟಳು. ಎಡದ ಶಿಖರ ಎರಡರಲ್ಲೂ ಒಂದೇ; ಬಲದ ಶಿಖರವೂ ಒಂದೇ. ನಡುವೆ, ಅವಳ ತೆರೆಯಲ್ಲಿ, ಮೃದುವಾದ ಸಂದು. ತಾಯಿಯ ಫೋನಿನಲ್ಲಿ, ಒಂದು ಬಿರುಕೂ ಇಲ್ಲದೆ ನೆಟ್ಟಗೆ ಎದ್ದು ನಿಂತ ಕಪ್ಪು ಬಂಡೆ.

"ಬರೀ ಬಂಡೆ ಕಣೇ ಅದು. ಅದ್ರಾಗೆ ಏನ್ ನೋಡ್ತೀಯ?" ಎಂದರು ಆಂಜನಮ್ಮ. ಮುನಿನಾರಾಯಣಪ್ಪನವರು ಮಾತ್ರ ಮಗಳ ಮುಖವನ್ನು ನೋಡಿ, ಅವಳ ಬೆನ್ನ ಮೇಲೆ ಕೈಯಿಟ್ಟರು.

ಮರುದಿನ ಅವಳು ಎರಡೂ ಚಿತ್ರಗಳನ್ನು ಸುದರ್ಶನನ ಮುಂದೆ ಇಟ್ಟಳು. ಈ ಸಲ ಅವನು ನಗಲಿಲ್ಲ. ಬಹಳ ಹೊತ್ತು ನೋಡಿ, ಗಲ್ಲ ಉಜ್ಜಿಕೊಂಡು, "ಸರಿ. ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಸರಿ ಮಾಡಿ ಕಳ್ಸೋಣ," ಎಂದ.

"ಅದು ಮಳೆಗಾಲ ಆದ್ಮೇಲೆ ಅಲ್ವಾ? ಅಷ್ಟ್ರಲ್ಲಿ ಅವ್ರೆಲ್ಲ ಅಲ್ಲಿಗೆ ಹೋಗಿರ್ತಾರೆ."

"ಈಗ ಹೋಗಿ ನಾವು ತಪ್ಪು ಮಾಡಿದೀವಿ ಅಂದ್ರೆ ಮುಂದೆ ಯಾರು ನಮ್ಗೆ ಕೆಲಸ ಕೊಡ್ತಾರೆ ಭವ್ಯ? ಇಲ್ಲಿ ಇಷ್ಟು ಜನ ಇದಾರೆ. ಸ್ವಲ್ಪ ಯೋಚ್ನೆ ಮಾಡು."

ಅವಳು ತನ್ನ ಜಾಗಕ್ಕೆ ಬಂದು ಕೂತಳು. ಸುದರ್ಶನನ ಮಾತು ಸುಳ್ಳಲ್ಲ. ಅಲ್ಲಿದ್ದವರೆಲ್ಲ ಮನೆ ನಡೆಸುತ್ತಿದ್ದವರೇ. ಅವಳ ಭಯಕ್ಕೆ ಈಗ ಎರಡು ಮುಖಗಳಾದವು, ಯಾವ ಕಡೆ ತಿರುಗಿದರೂ ಒಂದು ಎದುರಿಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಶಾಹಬಾಜ ಬಂದು, ಶಾಲೆಯ ಯಂತ್ರ ನೋಡಿಕೊಳ್ಳುವವನ ಜೊತೆ ಮಾತಾಡಿದೆನೆಂದೂ, ಮೊದಲ ತಂಡ ಆಗಲೇ ಹೊರಟುಹೋಗಿದೆಯೆಂದೂ, ಲಿಖಿತ್ ಅಲ್ಲಿ ಯಾತ್ರಿಕರನ್ನು ಹೊತ್ತು ಹಾರುತ್ತಿದ್ದಾನೆಂದೂ ಹೇಳಿದ. ಭವ್ಯ ಎದ್ದು ನಿಂತಳು.

"ಸ್ಕೂಟರ್ ಇದ್ಯಾ?"

"ಅರೆ, ಇದೆ. ಸುದರ್ಶನ್ ಕೇಳಿದ್ರೆ ಏನ್ ಹೇಳೋದು?"

"ನಿಜಾನೇ ಹೇಳು."

ಹಳೆ ಮದ್ರಾಸು ರಸ್ತೆಯ ಗುಂಡಿಗಳಲ್ಲಿ ಸ್ಕೂಟರು ಕುಣಿಯುವಾಗ ಯಾವತ್ತೂ "ನಿಧಾನ, ನಿಧಾನ" ಎಂದು ಹೆಗಲು ಜಗ್ಗುತ್ತಿದ್ದವಳು ಅವತ್ತು ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ವಾಹನಗಳು ಕದಲದೆ ನಿಂತಾಗ, "ಪಕ್ಕದಲ್ಲಿ ನುಗ್ಗಿಸು ಶಾಹಬಾಜ್" ಎಂದಳಂತೆ. ಅವನು ತಿರುಗಿ ಇವಳೇನಾ ಎಂದು ನೋಡಿದ.

ವೆಂಕಟಾಚಲ ಅವರು ಕೋಣೆಯಲ್ಲಿ ಒಬ್ಬರೇ ಇದ್ದರು. "ಬಾಮ್ಮ, ಕೂತ್ಕೋ" ಎಂದರು. ಅವಳು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಕೈಕೊಟ್ಟವು. "ಸರ್, ಎಡಗಡೆ ಆ ಸಂದು ಇಲ್ಲ. ಅಲ್ಲಿ ಬಂಡೆ ಇದೆ. ಸಂದು ನಾನು ಮಾಡಿದ್ದು," ಎಂದಳು. ಮುಂದೆ 'ಅಕಸ್ಮಾತ್' ಇರಲಿಲ್ಲ, ಹಿಂದೆ ಸಮಜಾಯಿಷಿ ಇರಲಿಲ್ಲ. ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಎತ್ತಿಕೊಂಡರು. ಲಿಖಿತನ ಫೋನು ಸಿಗಲಿಲ್ಲ. ಕಣಿವೆಯ ಬುಡದಲ್ಲಿದ್ದ ಕಚೇರಿಗೆ ಮಾಡಿದರು. ಹಲವು ಸಲ ಕಡಿದುಹೋಗಿ ಕೊನೆಗೆ ಯಾರೋ ಎತ್ತಿಕೊಂಡು, ಲಿಖಿತ್ ಈಗಷ್ಟೇ ಯಾತ್ರಿಕರನ್ನು ಹತ್ತಿಸಿಕೊಂಡು ಮೇಲಿನಿಂದ ಹೊರಟಿದ್ದಾನೆ, ಇಲ್ಲಿ ಮೋಡ ಕಟ್ಟುತ್ತಿದೆ, ವಯರ್‌ಲೆಸ್ಸಿನಲ್ಲಿ ಹೇಳುತ್ತೇವೆ ಎಂದರು. ಅಷ್ಟರಲ್ಲಿ ಮತ್ತೆ ಕಡಿದುಹೋಯಿತು. ಹೇಳಿದರೋ ಇಲ್ಲವೋ, ಕೇಳಿಸಿತೋ ಇಲ್ಲವೋ, ತಿಳಿಯುವ ಬಗೆಯಿರಲಿಲ್ಲ.

ಆಮೇಲಿನ ಹೊತ್ತನ್ನು ಭವ್ಯ ನನಗೆ ಹೇಳಲು ಪ್ರಯತ್ನಿಸಿ ಅರ್ಧಕ್ಕೆ ಬಿಟ್ಟಳು. ವೆಂಕಟಾಚಲ ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಶಾಹಬಾಜ ತುಟಿಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದ. ಅವಳ ಕಣ್ಣ ಮುಂದೆ, ತಾನು ಅಷ್ಟು ಪ್ರೀತಿಯಿಂದ ನಯಗೊಳಿಸಿದ ಆ ಇಳಿಜಾರು, ಅದರ ಆಚೆಯ ಬೆಳಕು, ಬೆಳಕಿನ ಜಾಗದಲ್ಲಿ ಬಂಡೆ. ಯಾತ್ರಿಕರಲ್ಲಿ ಉಲ್ಲನ್ ಟೋಪಿ ತೊಟ್ಟ ಹೆಂಗಸರಿರುತ್ತಾರೆ ಎಂಬ ಯೋಚನೆ ಬಂದಾಗ ಅವಳು ನೆಲದ ಮೇಲೆಯೇ ಕೂತುಬಿಟ್ಟಳಂತೆ.

ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಫೋನ್ ರಿಂಗಾಯಿತು. ಲಿಖಿತ್. ವೆಂಕಟಾಚಲ ಅವರು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಇಳಿದಿದೀನಿ ಸರ್. ಎಲ್ಲಾ ಸೇಫ್. ಏನ್ ಸರ್ ವಿಷ್ಯ? ವಯರ್‌ಲೆಸ್‌ನಲ್ಲಿ ಏನೋ ಎಡಗಡೆ ಎಡಗಡೆ ಅಂತ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ. 'ಬೇಡ' ಅನ್ನೋದು ಮಾತ್ರ ಕೇಳ್ತು."

"ಎಡಗಡೆ ದಾರಿ ಇಲ್ಲ ಕಣೋ. ಸಿಮ್ಯುಲೇಟರ್‌ನಲ್ಲಿ ಇದ್ದಿದ್ದು ತಪ್ಪು. ಬಂಡೆ ಅದು."

ಲಿಖಿತ್ ತಗ್ಗಿದ ದನಿಯಲ್ಲಿ, "ಬಂದಾಗಿಂದ ಆ ಕಡೆ ಒಂದಿನಾನೂ ತಿಳಿಯಾಗಿ ಕಂಡಿಲ್ಲ ಸರ್. ಆದ್ರೆ ತಲೇಲಿ ಇತ್ತು. ಈಗ ಬರ್ತಾ ಮುಂದೆ ಮುಚ್ಕೊಂಡಾಗ ತಿರುಗ್ಸೋಣ ಅಂತ ಕೈ ಹೋಗಿತ್ತು. ಅಷ್ಟ್ರಲ್ಲಿ ಅದು ಕೇಳ್ತು. ಏನೋ ಯಾಕೋ ಅಂತ ಬಿಟ್ಟು, ನದಿ ಕಾಣೋವರೆಗೂ ಹಿಂದಕ್ಕೆ ಇಳಿಸ್ಕೊಂಡು ಬಂದೆ," ಎಂದ.

ವೆಂಕಟಾಚಲ ಅವರು ಕುರ್ಚಿಯಲ್ಲಿ ಕುಸಿದು ಕೂತರು. ಭವ್ಯ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳಿಗೆ ವಿಪರೀತ ಹಸಿವಾಯಿತು. ಶಾಹಬಾಜ ರಸ್ತೆಬದಿಯಲ್ಲಿ ಕೊಡಿಸಿದ ಬನ್ನನ್ನು ನಿಂತಲ್ಲೇ ತಿಂದಳು.

ಆಮೇಲೆ ನಡೆದದ್ದರಲ್ಲಿ ಹೇಳಿಕೊಳ್ಳುವಂಥ ಜಯಘೋಷವೇನೂ ಇಲ್ಲ. ಶಾಲೆಯವರು ಮರುದಿನವೇ ಆ ಕೋಣೆಗೆ ಬೀಗ ಹಾಕಿ, ಸ್ಟುಡಿಯೋದ ಜೊತೆಗಿನ ಕರಾರನ್ನು ನಿಲ್ಲಿಸಿದರು. ಸುದರ್ಶನ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ; ಆದರೆ ಅವಳ ಜೊತೆ ಮಾತು ಬಿಟ್ಟುಬಿಟ್ಟ. ಪಕ್ಕದ ಮೇಜಿನವರು ಅವಳು ಬಂದರೆ ತಲೆ ತಗ್ಗಿಸುತ್ತಿದ್ದರು. ಲಿಖಿತನ ಹೆಲಿಕಾಪ್ಟರಿನಲ್ಲಿದ್ದ ಯಾತ್ರಿಕರು ಪ್ರಸಾದ ಹಂಚಿ, ಮೋಡ ಬಹಳ ಇತ್ತು ಎಂದಷ್ಟೇ ನೆಂಟರಿಗೆ ಹೇಳಿರುತ್ತಾರೆ. ಮಳೆಗಾಲ ಕಳೆದ ಮೇಲೆ ವೆಂಕಟಾಚಲ ಅವರು ತಾವಾಗಿಯೇ ಇಂದಿರಾನಗರದ ಬಂಗಲೆಗೆ ಬಂದು, ಕೆಲಸ ಮತ್ತೆ ಶುರುಮಾಡಿ ಎಂದರು. ಷರತ್ತು ಒಂದೇ: ಎಲ್ಲಿ ಏನಿದೆಯೆಂದು ಗೊತ್ತಿಲ್ಲವೋ ಅಲ್ಲಿ ನೆಲವನ್ನು ಮಾಡಬಾರದು, ಆಕಾಶದೆತ್ತರಕ್ಕೆ ಕೆಂಪು ಗೋಡೆ ಎಬ್ಬಿಸಬೇಕು, ನೋಡಿದವರಿಗೆ ಗೊತ್ತಿಲ್ಲ ಎಂಬುದು ಗೊತ್ತಾಗಬೇಕು. ಅದನ್ನು ಭವ್ಯಳೇ ಮಾಡಬೇಕು. ಸುದರ್ಶನ್ ಅವತ್ತು ಅವಳ ಮೇಜಿನವರೆಗೆ ನಡೆದುಬಂದು, "ಕಾಫಿ ಕುಡಿದ್ಯಾ?" ಎಂದು ಕೇಳಿದನಂತೆ.

ಈಗ ಅವಳ ಹಿಮಬೆಟ್ಟಗಳ ನಡುವೆ ಅಲ್ಲಲ್ಲಿ ಕೆಂಪು ಗೋಡೆಗಳಿವೆ. ನೋಡಲು ಚೆನ್ನಾಗಿಲ್ಲವೆಂದು ಶಾಹಬಾಜ ಗೊಣಗುತ್ತಾನೆ. ಅವುಗಳ ಮೇಲೆ ಅವನು ಮರ ಇಡುವಂತಿಲ್ಲ. ಅವಳು ಗುನುಗುವುದೂ ನಿಂತಿದೆ. ತೆರೆಯ ಮೇಲಿನ ನೆಲವೂ ಅವಳಿಗೆ ಈಗ ಉಳಿದ ನೆಲದಂತೆಯೇ ಆಗಿದೆ. ಇದನ್ನು ನಷ್ಟವೆನ್ನಬೇಕೋ ಪಕ್ವತೆಯೆನ್ನಬೇಕೋ ನನಗೆ ತಿಳಿಯದು.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಬಾಳುವುದು ಸುಲಭವಲ್ಲ; ನಮ್ಮ ಸಂತೋಷದ ನಡುವೆ ಅಪಶಕುನದಂತೆ ಬಾಯಿಬಿಟ್ಟು, ನಾವು ನೋಡಲೊಲ್ಲದ ಕಡೆಗೇ ಬೆರಳು ತೋರಿಸುತ್ತಾರೆ; ನಾವು ಅವರಿಗೆ ಅಡ್ಡಹೆಸರಿಟ್ಟು ನಗುತ್ತೇವೆ. ಧೈರ್ಯವೆಂಬುದನ್ನು ನಾವು ನಿರ್ಭೀತರ ಮುಖದಲ್ಲಿ ಹುಡುಕುವ ರೂಢಿಯವರು. ಆದರೆ ಭಯವೇ ಇಲ್ಲದವನಿಗೆ ಧೈರ್ಯದ ಅಗ್ಗಳಿಕೆಯಾದರೂ ಎಲ್ಲಿಯದು? ಎಲ್ಲಕ್ಕೂ ಅಂಜುವ ಜೀವ, ಅಂಜುತ್ತಲೇ, ತನಗೆ ಕೇಡಾಗುವುದೆಂದು ತಿಳಿದೂ ಎದ್ದು ಹೊರಟಾಗ, ಅಲ್ಲಿ ಅದು ಮೊದಲ ಸಲ ನಿಜವಾಗಿ ಹುಟ್ಟುತ್ತದೆ. ಬಿದ್ದವರನ್ನು ಎತ್ತಿದವರ ಹೆಸರನ್ನು ಊರು ನೆನೆಯುತ್ತದೆ. ಬೀಳದಂತೆ ಕಾಯ್ದವರ ಹೆಸರು, ಬೀಳದೆ ಉಳಿದವರಿಗೂ ತಿಳಿಯುವುದಿಲ್ಲ.